ಬೆಳಕಿರುವಾಗಲೇ ಕೋಟೆ

ಸೈಕಲ್ ಮೇಲೆ ಊರೂರ ಕೋಟೆ ನೋಡುವುದು ನನ್ನ ಗಂಡನ ಹುಚ್ಚು. ನಾನು ಇನ್ನೊಂದು ಸೈಕಲ್ಲಿನಲ್ಲಿ ಹಿಂದಿನಿಂದ ಪೆಡಲು ತುಳಿಯುತ್ತ, ಬಯ್ಯುತ್ತ ಹೋಗುತ್ತಿದ್ದೆ. ಹೋದ ಚಳಿಗಾಲದಲ್ಲಿ ಮಾತ್ರ ಬಯ್ಯಲಿಲ್ಲ. ಸಂಜೆಯಾದರೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಗಲಿನ ದೃಷ್ಟಿಯೂ ಹೆಚ್ಚು ದಿನ ಉಳಿಯದೆಂದು ಡಾಕ್ಟರು ಹೇಳಿದ್ದರು. ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಸಿಗುವ ಹಳ್ಳಿಯೊಂದರ ಕೋಟೆ, ಅದರೊಳಗಿನ ಬುರುಜು ಅವರಿಗೆ ನೋಡುವುದು ಬಾಕಿಯಿತ್ತು.

"ಇದೊಂದು ನೋಡಿ ಸೈಕಲ್ ಗ್ವಾಡಿಗಿ ಆನಿಸಿಬಿಡ್ತೀನಿ, ಮತ್ತ ತುಳಿಯೂದಿಲ್ಲ. ಯಾರ ಮುಂದೂ ಕಣ್ಣಿನ ಸುದ್ದಿ ತೆಗೀಬ್ಯಾಡ," ಎಂದರು.

ಜಲನಗರದ ನಮ್ಮ ಮನೆಯಿಂದ ಅಥಣಿ ರಸ್ತೆ ಹಿಡಿದು, ಎದುರುಗಾಳಿಯಲ್ಲಿ ಏದುಸಿರು ಬಿಡುತ್ತ ಹಳ್ಳಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕೋಟೆ ಬಾಗಿಲಿನ ಎದುರು ಮನೆಯಲ್ಲಿ ನೀರು ಕೇಳಿದೆವು. ಅದೇ ತಪ್ಪಾಯಿತು. ಮನೆಯೊಡತಿ ನನ್ನ ತವರೂರನ್ನೆಲ್ಲ ಕೆದಕಿ, ನಾನು ಅವಳ ಅತ್ತಿಗೆಯ ಕಡೆಯ ನೆಂಟಳೆಂದು ಪತ್ತೆ ಹಚ್ಚಿಬಿಟ್ಟಳು.

"ಉಡಿ ತುಂಬಸ್ಕೊಳ್ಳದ ಹೆಂಗ ಹೋಗ್ತೀರಿ ಅಕ್ಕಾರ?"

"ಮೊದಲು ಕೋಟಿ ನೋಡಿ ಬರ್ತೀವ್ರಿ."

"ಕೋಟಿ ಎಲ್ಲಿ ಓಡಿ ಹೋಗ್ತೈತ್ರಿ?"

ಮಣೆಯ ಮೇಲೆ ಕೂತೆ. ಉಡಿಯಲ್ಲಿಡುವ ರವಿಕೆ ಬಟ್ಟೆಗೆ, ಜಂಪರ್ ಪೀಸಿಗಾಗಿ ಟ್ರಂಕು ತೆಗೆದಳು. ಬಣ್ಣ ಮನಸ್ಸಿಗೆ ಬಾರದೆ ಬೇರೆಯದು ತರಲು ನೆಗೆಣ್ಣಿಯ ಮನೆಗೆ ಹೋದಳು. ಆಮೇಲೆ ಕೊಬ್ಬರಿ ಬಟ್ಟಲಿಗೆಂದು ಅಂಗಡಿಗೆ. ಹೊಸ್ತಿಲ ಬಿಸಿಲು ಅಂಗಳಕ್ಕೆ ಸರಿಯಿತು. ಹಾಳು ಕೊಬ್ಬರಿ ಎಂದು ಒಳಗೇ ಕುದಿದೆ. ಉಡಿ ತುಂಬಿಸಿಕೊಳ್ಳದೆ ಎದ್ದರೆ ಕೇಡೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು; ಕಾರಣ ಹೇಳೋಣವೆಂದರೆ ಕಣ್ಣಿನ ಸುದ್ದಿ ತೆಗೆಯುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೆ.

"ನೀವರ ಹೋಗ್ರಿ," ಎಂದು ಹೊರಗೆ ಕಟ್ಟೆಯ ಮೇಲಿದ್ದ ಅವರಿಗೆ ಕೂಗಿದೆ.

"ಚಾ ಕುಡೀರಿ, ನಾನ ಕರ್ಕೊಂಡ ಹೋಗ್ತೀನಿ," ಎಂದು ಮನೆಯ ಯಜಮಾನ ಅವರ ಕೈ ಹಿಡಿದು ಕೂರಿಸಿದ. ಅಷ್ಟು ಪ್ರೀತಿಯ ಕೈಯನ್ನು ಬಿಡಿಸಿಕೊಳ್ಳುವುದು ನಮ್ಮ ಕಡೆಯವರಿಗೆ ಬರುವುದಿಲ್ಲ.

ಅಕ್ಕಿ, ಕೊಬ್ಬರಿ ಸೆರಗಿನಲ್ಲಿ ಕಟ್ಟಿಕೊಂಡು ನಾನು ಹೊರಬಂದಾಗ ಸೂರ್ಯ ಮುಳುಗಿದ್ದ. ಯಜಮಾನನ ಹಿಂದೆ ಕಮಾನು ದಾಟಿ ಒಳಗೆ ಹೋದೆವು. ನನಗೆ ಇನ್ನೂ ಎಲ್ಲ ಕಾಣುತ್ತಿತ್ತು. ಎಡಕ್ಕೆ ಆ ಬುರುಜು, ಅದರ ಕಲ್ಲಿನ ಸಂದಿಯಲ್ಲಿ ಬೆಳೆದ ಅತ್ತಿಗಿಡ. ಬಲಕ್ಕೆ ಊರಿನ ಹೊಸ ನೀರಿನ ಟ್ಯಾಂಕು. ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದರು. ನನಗೆ ಅಳು ಬಂತು.

"ಹೆಂಗೈತ್ರಿ ನಮ್ಮೂರ ಬುರುಜು?" ಯಜಮಾನ ಹೆಮ್ಮೆಯಿಂದ ಕೇಳಿದ.

ಅವರು ಟ್ಯಾಂಕಿನ ಕಡೆ ತಲೆಯೆತ್ತಿ ನಿಂತು, "ಎಷ್ಟ ಗಟ್ಟಿ ಕಟ್ಯಾರ ನೋಡ್ರಿ ಹಿರ್ಯಾರು," ಎಂದರು.

ಯಜಮಾನ ನನ್ನ ಮುಖ ನೋಡಿದ.

"ಹೌದ್ರಿ," ಎಂದೆ ನಾನು, "ಭಾಳ ಗಟ್ಟಿ ಐತಿ."