ಶೇಂಗಾ ಎಣ್ಣೆಯಲ್ಲಿ ಬರೆದ ಅಪ್ಪ

ಅಪ್ಪ ಸತ್ತ ವರ್ಷ ನಾನು ಚಳ್ಳಕೆರೆಯಲ್ಲಿ ಒಬ್ಬ ಪರದೇಶಿ ಮುದುಕನ ಹಣೆ ತಿದ್ದುತ್ತಿದ್ದೆ. ಮುನ್ನೂರು ವರ್ಷಕ್ಕೂ ಹಿಂದೆ ಯುರೋಪಿನ ದೊಡ್ಡ ಕಲಾವಿದನೊಬ್ಬ ತೈಲವರ್ಣದಲ್ಲಿ ಬರೆದ ಭಾವಚಿತ್ರ ಅದು. ಅದರ ಅಚ್ಚುಪ್ರತಿಯನ್ನು ಗೋಡೆಗೆ ಅಂಟಿಸಿ, ನೋಡಿಕೊಂಡು ಹಾಗೇ ಬರೆಯಬೇಕು, ಅದೇ ಪಾಠ. ಕಲಿಸುತ್ತಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಸ್ವಂತದ್ದೇನಾದರೂ ಬರೆಯುತ್ತೇನೆ ಎಂದರೆ, ಮೊದಲು ಈ ಅಜ್ಜನ ಕಿವಿ ನೆಟ್ಟಗೆ ಕೂರಿಸು ಎನ್ನುತ್ತಿದ್ದರು. ಮೊದಲು ಕಂದು ಬಣ್ಣದ ನೆರಳು, ಅದು ಒಣಗಿದ ಮೇಲೆ ಅಗಸೆ ಎಣ್ಣೆ ಬೆರೆಸಿದ ತೆಳು ಬಣ್ಣ, ಅದೂ ಒಣಗಿದ ಮೇಲೆ ಇನ್ನೊಂದು ಪದರ. ಮೂರನೆಯ ಸಲ ಬರೆದಾಗ ಮುದುಕನ ಚರ್ಮದೊಳಗೆ ರಕ್ತ ಓಡಾಡಿದಂತೆ ಕಂಡಿತು. ಮೇಷ್ಟ್ರು ಬೈಯಲಿಲ್ಲ. ನನಗೆ ಕೋಡು ಮೂಡಿತು.

ಅಪ್ಪ ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ, ಮಗ್ಗದ ಮುಂದೆ ಕೂತಿದ್ದವನು ಹಾಗೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅವನದೆಂದು ಉಳಿದದ್ದು ಮತದಾರರ ಗುರುತಿನ ಚೀಟಿಯ ಉಗುರಗಲದ ಫೋಟೊ ಒಂದೇ. ಸ್ಟುಡಿಯೋದವರು ಅದನ್ನು ದೊಡ್ಡದು ಮಾಡಿದರೆ ಮುಖ ಹೋಗಿ ಬರೀ ಚುಕ್ಕಿಗಳು ಬಂದವು. ಹಿರಿಯರ ಹಬ್ಬಕ್ಕೆ ಎಲ್ಲರೂ ಸತ್ತವರ ಫೋಟೊಗೆ ವಿಭೂತಿ ಹಚ್ಚಿ ಎಡೆ ಇಡುತ್ತಾರೆ. ಅವ್ವನಿಗೆ ಎಡೆ ಇಡಲು ಒಂದು ಮುಖ ಬೇಕಿತ್ತು. ನಾನು ಬರೆದುಕೊಡುತ್ತೇನೆ ಎಂದೆ.

ಕಂದು ನೆರಳು ಮುಗಿಸಿ ಒಣಗಿಸುವಷ್ಟರಲ್ಲಿ ಅಗಸೆ ಎಣ್ಣೆಯ ಬಾಟಲಿ ಬರಿದಾಗಿತ್ತು. ಮೇಷ್ಟ್ರು ಮಗಳ ಊರಿಗೆ ಹೋಗಿದ್ದರು. ಹಬ್ಬಕ್ಕೆ ಹದಿನೈದು ದಿನ ಉಳಿದಿತ್ತು. ಚಳ್ಳಕೆರೆಯೋ ಎಣ್ಣೆ ಮಿಲ್ಲುಗಳ ಊರು, ಉಸಿರೆಳೆದರೂ ಶೇಂಗಾ ಎಣ್ಣೆಯ ವಾಸನೆ. ಎಲ್ಲ ಎಣ್ಣೆಯೂ ಎಣ್ಣೆಯೇ ತಾನೆ ಎಂದುಕೊಂಡು ಮಿಲ್ಲಿನಿಂದ ಒಂದು ಲೋಟ ತಂದು ಬಣ್ಣಕ್ಕೆ ಬೆರೆಸಿದೆ. ಕುಂಚ ಅಷ್ಟು ಸಲೀಸಾಗಿ ಹಿಂದೆಂದೂ ಓಡಿರಲಿಲ್ಲ. ಅಪ್ಪ ಬಂದೇಬಿಟ್ಟ, ಆ ಅರ್ಧ ನಗುವಿನ ಸಮೇತ. ಅಲ್ಲೇ ಕೂತು ಅತ್ತೆ.

ವಾರ ಕಳೆದರೂ ಬಣ್ಣ ಬೆರಳಿಗೆ ಅಂಟುತ್ತಿತ್ತು. ಮೋಡದ ಮೇಲೆ ತಪ್ಪು ಹೊರಿಸಿ, ಮಾಳಿಗೆ ಮೇಲೆ ಬಿಸಿಲಿಗಿಟ್ಟೆ. ಶೇಂಗಾ ಎಣ್ಣೆ ಒಣಗುವ ಜಾತಿಯದೇ ಅಲ್ಲ ಎಂದು ಮೇಷ್ಟ್ರು ಹೇಳಿದ್ದು ಆಮೇಲೆ. ಹಬ್ಬದ ಬೆಳಿಗ್ಗೆ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ತಂದೆ. ಮುಟ್ಟಬೇಡ ಎಂದು ಅವ್ವನಿಗೆ ಹೇಳಬೇಕಿತ್ತು. ಒಣಗಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಿದ್ದೆ. ಆ ನಾಚಿಕೆಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಅವ್ವ ಚಿತ್ರದ ಮುಂದೆ ತುಂಬ ಹೊತ್ತು ನಿಂತಳು. ಹೌದು, ಇವರೇ ಎಂದಳು. ಆಮೇಲೆ ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು ಹಣೆಯ ಮೇಲೆ ಅಡ್ಡಲಾಗಿ ಎಳೆದಳು. ಹಣೆ ಅವಳ ಬೆರಳಿಗೆ ಬಂತು, ಕೆಳಗಿನ ಕಂದು ನೆರಳು ಕಾಣಿಸಿತು. ಗಾಬರಿಯಾಗಿ ಸೆರಗಿನಿಂದ ಒರೆಸಲು ಹೋದಳು. ಕಣ್ಣೂ ಹೋಯಿತು.

ನೀರಿಗೆ ಬಣ್ಣ ಬಿಡಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವಳ ಬೆರಳುಗಳನ್ನು ನಾನೇ ಒಂದೊಂದಾಗಿ ಒರೆಸಿದೆ. ಎಡೆಯನ್ನು ಬರೀ ಗೋಡೆಯ ಮುಂದೆ ಇಟ್ಟೆವು. ಇನ್ನೊಂದು ಬರೆದುಕೊಡುತ್ತೇನೆ, ಈ ಸಲ ಸರಿಯಾಗಿ ಒಣಗಿಸಿ ತರುತ್ತೇನೆ ಎಂದೆ.

"ಬ್ಯಾಡಪ್ಪ," ಅಂದಳು ಅವ್ವ. "ಇನ್ನೊಂದ್ ಬರದ್ರೆ, ಅವರ್ನ ಅಳಿಸಿದ್ ಈ ಕೈಯಿಂದ್ಲೇ ಅದ್ಕೂ ನಾನೇ ಇಬೂತಿ ಹಚ್ಬೇಕಾಗ್ತೈತೆ."