ತಟ್ಟೆ ಮರೆಯಾಗುವ ಆಳ

ಮಗುವಿಗೆ ಕುಡಿಸುವ ನೀರನ್ನು ಎಷ್ಟು ಕುದಿಸಿದರೂ ನನಗೆ ಸಮಾಧಾನವಿಲ್ಲ. ಈಚೆಗೆ ನಲ್ಲಿ ನೀರಿಗೆ ಪಾಚಿಯ ವಾಸನೆ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ಮೂಸುತ್ತೇನೆ, ಚೆಲ್ಲುತ್ತೇನೆ.

"ಕೆರೆ ಚೆನ್ನಾಗಿದೆ ಅಂತ ಅಪ್ಪನೇ ಹೇಳ್ತಿದ್ದಾರಲ್ಲ. ನಿನ್ನ ಮೂಗಿಗೆ ಬೇರೆ ಕೆಲಸ ಇಲ್ಲ," ಎಂದು ನಮ್ಮವರು ನಗುತ್ತಾರೆ.

ಊರಿಗೆ ನೀರು ಕೊಡುವ ಆ ಕೆರೆಯನ್ನು ಅಳೆಯುವವರೇ ನಮ್ಮ ಮಾವ. ಮೊದಲು ಮೀನು ಹಿಡಿಯುತ್ತಿದ್ದರು. ಮೀನು ಕಡಿಮೆಯಾದ ಮೇಲೆ ನೀರು ಪರೀಕ್ಷಿಸುವ ಕಚೇರಿಯವರು ಅವರನ್ನೂ ಅವರ ದೋಣಿಯನ್ನೂ ಒಟ್ಟಿಗೇ ಕೆಲಸಕ್ಕೆ ತೆಗೆದುಕೊಂಡರು. ವಾರಕ್ಕೊಮ್ಮೆ ಕೆರೆಯ ನಡುವೆ ಹೋಗಿ, ಕಪ್ಪು ಬಿಳಿ ಬಣ್ಣ ಬಳಿದ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ತಟ್ಟೆ ಮರೆಯಾದಾಗ ಹಗ್ಗದ ಎಷ್ಟು ಗಂಟು ಮುಳುಗಿವೆಯೋ ನೋಡಿ, ಕಚೇರಿಯ ವಿಜ್ಞಾನಿ ಮೇಡಂಗೆ ಫೋನಿನಲ್ಲಿ ತಿಳಿಸಬೇಕು. ಮನೆಗಳ ಸೋಪಿನ ನೀರು, ಹೊಲಗಳ ಗೊಬ್ಬರ ಸೇರಿ ಪಾಚಿ ಹೆಚ್ಚಿದರೆ ತಟ್ಟೆ ಬೇಗ ಮರೆಯಾಗುತ್ತದೆ. ಆಗ ಮೇಡಂ ಬಂದು, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗಿ, ಪಾಚಿಯ ವಿಷವಿದೆಯೇ ಎಂದು ನೋಡುತ್ತಾರೆ. ತಟ್ಟೆ ಆಳದವರೆಗೂ ಕಂಡರೆ ಅವರು ಬರುವುದೇ ಇಲ್ಲ.

ಮಾವನಿಗೆ ಅದು ಕೂಲಿಯಲ್ಲ, ಹುದ್ದೆ. ಆ ದಿನ ಇಸ್ತ್ರಿ ಮಾಡಿದ ಅಂಗಿಯೇ ಆಗಬೇಕು.

"ಯಾರಿಗೆ ಈ ಶೋಕಿ? ಮೀನಿಗೆ ತೋರಿಸೋಕಾ?" ಎಂದು ಅತ್ತೆ ಛೇಡಿಸಿದರೆ, "ಮೀನಿದ್ರೆ ತಾನೆ ತೋರಿಸೋದು," ಎನ್ನುತ್ತಾರೆ.

ಅವರ ಕಣ್ಣಿಗೆ ಪೊರೆ ಬಂದಿದೆ. ಡಾಕ್ಟರೆಂದರೆ ಮುಖ ತಿರುಗಿಸುತ್ತಾರೆ. ಮೊನ್ನೆ ಮೆಟ್ಟಿಲು ತಪ್ಪಿ ಬಿದ್ದರು. ಹಾಗಾಗಿ ಈ ಸಲ ಅತ್ತೆ ಮಗುವನ್ನು ಎತ್ತಿಕೊಂಡು, ನನ್ನನ್ನು ದೋಣಿಗೆ ಅಟ್ಟಿದರು.

ಮಾವ ಹಗ್ಗ ಬಿಟ್ಟರು. ಎರಡನೇ ಗಂಟು ಮುಳುಗುತ್ತಲೇ ಕೈ ನಿಂತಿತು. ಫೋನ್ ತೆಗೆದು, "ಐದು, ಮೇಡಂ," ಎಂದರು.

ನಾನು ಬಗ್ಗಿ ಗಂಟು ಎಣಿಸಿದೆ. "ಎರಡಲ್ವಾ ಮಾವ?"

"ಅದು ನನ್ನ ಕಣ್ಣಿನ ಲೆಕ್ಕ ಕಣಮ್ಮ. ಯಾವಾಗ್ಲೂ ಐದೇ ಇರ್ತಿತ್ತು. ನನ್ನ ಕಣ್ಣು ಮಂಜಾಯ್ತು ಅಂತ ಕೆರೆಗ್ಯಾಕೆ ಕೆಟ್ಟ ಹೆಸರು? ಅದಕ್ಕೇ ಮೂರು ಸೇರಿಸಿ ಹೇಳ್ತೀನಿ."

ನಾನು ಹಗ್ಗ ಇಸಿದುಕೊಂಡು ತಟ್ಟೆಯನ್ನು ಎಳೆದು ಮತ್ತೆ ಬಿಟ್ಟೆ. ನೀರು ಹಸಿರು ಗಂಜಿಯಂತಿತ್ತು. ಎರಡನೇ ಗಂಟು ದಾಟುವಷ್ಟರಲ್ಲಿ ತಟ್ಟೆ ಕಾಣದಾಯಿತು.

"ಮಾವ, ನಂಗೂ ಕಾಣ್ತಿಲ್ಲ."

"ಮಗು ನಿಂಗೆ ನಿದ್ದೆ ಮಾಡೋಕೆ ಬಿಡಲ್ಲ. ನಿನ್ನ ಕಣ್ಣೂ ದಣಿದಿದೆ."

"ನನ್ನ ಕಣ್ಣಿಗೇನೂ ಆಗಿಲ್ಲ ಮಾವ. ಮೇಡಂಗೆ ನೀವೇ ಹೇಳ್ಬಿಡಿ."

ಅವರು ಹುಟ್ಟು ಹಿಡಿದು ದೋಣಿಯನ್ನು ದಡದ ಕಡೆ ತಿರುಗಿಸಿದರು. ಆಮೇಲೆ, "ಹೇಳಿದ್ರೆ ನನ್ನನ್ನ ದೋಣಿಯಿಂದ ಇಳಿಸ್ತಾರೆ," ಎಂದರು.

ಮನೆಯಲ್ಲಿ ಊಟಕ್ಕೂ ಏಳಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದರು. ಹಿರಿಯರ ಕೆಲಸ ಕಸಿಯಲು ನಾನ್ಯಾರು ಎಂದು ಒಳಗೂ ಹೊರಗೂ ತಿರುಗಾಡಿದೆ. ಕೆಳಗೆ ಬೀದಿಯ ನಲ್ಲಿಗೆ ಬಾಯೊಡ್ಡಿ ಶಾಲೆಯ ಮಕ್ಕಳು ನೀರು ಕುಡಿಯುತ್ತಿದ್ದವು. ಇನ್ನು ತಡೆಯಲಾಗಲಿಲ್ಲ. ಮೇಡಂ ನಂಬರು ನನ್ನಲ್ಲಿಲ್ಲ. ಮಾವನ ತಲೆದಿಂಬಿನ ಪಕ್ಕದಲ್ಲಿದ್ದ ಫೋನನ್ನೇ ಎತ್ತಿಕೊಂಡೆ. ಅವರು ನೋಡಿದರು, ಬೇಡವೆನ್ನಲಿಲ್ಲ.

"ಮೇಡಂ, ನಾನು ದೋಣಿಯವರ ಸೊಸೆ. ಇವತ್ತು ಐದಲ್ಲ, ಎರಡು."

ಆ ಕಡೆ ಮೇಡಂ ಪುಸ್ತಕ ತಿರುವುವ ಸದ್ದು. "ಯಾವಾಗಿಂದ ಹೀಗಿದೆ?"

"ಯಾವಾಗಿಂದ ಅಂತ ಕೇಳ್ತಿದ್ದಾರೆ ಮಾವ," ಎಂದೆ. ಗೋಡೆಯ ಕಡೆಯಿಂದ ಮಾವನ ದನಿ ಬಂತು.

"ಹೋದ ಮಳೆಗಾಲದಿಂದ ಅಂತ ಹೇಳಮ್ಮ."