ಹಳೆ ಅಕ್ಕಿಗೆ ಒಂದು ಇಂಗ್ಲಿಷ್ ಪದ

ನನ್ನ ಸೋದರಮಾವನಿಗೆ ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇದೆ. ನಾನು ಕುಷ್ಟಗಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಇಂಗ್ಲಿಷಿನಿಂದ ಸಂಬಳ ಪಡೆಯುವವಳು ನಾನೊಬ್ಬಳೇ ಆದ್ದರಿಂದ ಫ್ರಿಜ್ಜಿನ ಜೊತೆ ಬಂದ ಸೂಚನೆಗಳಿಂದ ಹಿಡಿದು ಡಾಕ್ಟರ ಚೀಟಿಯವರೆಗೆ ಎಲ್ಲವೂ ನನ್ನ ಬಳಿಗೇ ಬರುತ್ತವೆ. ಡಾಕ್ಟರ ಅಕ್ಷರ ನನಗೂ ತಿಳಿಯುವುದಿಲ್ಲ ಎಂದರೆ, "ಮತ್ತ ಎಂ.ಎ. ಏನ್ ಮಾಡೀದಿ?" ಎಂದು ಮುಖ ನೋಡುತ್ತಾರೆ.

ಹೋದ ವರ್ಷ ಮಾಮಾನಿಗೆ ಪುಣೆಯ ದೊಡ್ಡ ಅಂಗಡಿಯೊಂದರಿಂದ ಬೇಡಿಕೆ ಬಂತು. ಅಲ್ಲಿಯವರೆಗೆ ಅವನ ಚೀಲಗಳ ಮೇಲೆ ಕನ್ನಡ, ತೆಲುಗು ಮತ್ತು ಕೋಳಿಯಂತೆ ಕಾಣುವ ಒಂದು ನವಿಲು ಇದ್ದವು. ಪುಣೆಯವರು ಇಂಗ್ಲಿಷ್ ಬೇಕೇ ಬೇಕು ಎಂದರು. ಭಾನುವಾರ ಬೆಳಿಗ್ಗೆ ಮಾಮಾ ನನ್ನನ್ನು ಕರೆಸಿಕೊಂಡ.

ಗಿರಣಿಯ ಆಫೀಸ್ ಕೋಣೆಯಲ್ಲಿ ಕುರ್ಚಿ, ಫ್ಯಾನು, ದೇವರ ಫೋಟೋ ಎಲ್ಲದರ ಮೇಲೂ ತೌಡಿನ ಧೂಳು. ಅತ್ತೆ ಬುತ್ತಿ ತಂದು ಅಲ್ಲೇ ಕೂತಿದ್ದಳು. ಮಾಮಾ ವಿಷಯಕ್ಕೆ ಬಂದ.

"ನಮ್ಮ ಅಕ್ಕಿ ಹಳೇದೈತಿ, ಸಣ್ಣದೈತಿ, ವಾಸನಿ ಛಲೋ ಐತಿ. ಇಷ್ಟ ಇಂಗ್ಲಿಷಿನ್ಯಾಗ ಬರದು ಕೊಡು. ನಾ ಆಗಲೇ ಬರದೀನಿ, ನೀ ಒಂದ್ಸಲ ನೋಡಿಬಿಡು."

ರಟ್ಟಿನ ತುಂಡೊಂದನ್ನು ಮುಂದೆ ಸರಿಸಿದ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ 'ಓಲ್ಡ್ ಸ್ಮಾಲ್ ಸ್ಮೆಲ್ ರೈಸ್' ಎಂದಿತ್ತು.

"ಮಾಮಾ, ಇದನ್ನ ಓದಿದವ್ರು ಚೀಲ ಮುಟ್ಟಂಗಿಲ್ಲ," ಎಂದೆ.

"ಯಾಕ? ತಪ್ಪೇನೈತಿ? ವಾಸನಿಗೆ ಸ್ಮೆಲ್ ಅನ್ನಂಗಿಲ್ಲೇನು?"

ಅಂತಾರೆ, ಆದರೆ ಅಕ್ಕಿ ಮಾರುವವರು ಅನ್ನುವುದಿಲ್ಲ ಎಂದು ಶುರು ಮಾಡಿದೆ. ಓಡರ್ ಅಂದರೆ ಮೂಗು ಮುಚ್ಚಿಕೊಳ್ಳುವಂಥದ್ದು, ಸೆಂಟ್ ಅಂದರೆ ನಮ್ಮ ಜನಕ್ಕೆ ಶೀಶೆಯಲ್ಲಿ ಇರುವಂಥದ್ದು, ಫ್ರೇಗ್ರನ್ಸ್ ಹೂವಿಗೂ ಸಾಬೂನಿಗೂ ಒಪ್ಪುತ್ತದೆ, ತಿನ್ನುವ ವಸ್ತುವಿಗೆ ಅರೋಮ ಎಂದರೆ ಚಂದ. ಮಾಮಾ ನನ್ನ ಮುಖವನ್ನು ಅನುಮಾನದಿಂದ ನೋಡುತ್ತಿದ್ದ, ನಾನು ಒಂದೇ ಮಾಲನ್ನು ನಾಲ್ಕು ಹೆಸರಿನಲ್ಲಿ ಮಾರುತ್ತಿದ್ದೇನೆ ಎಂಬಂತೆ.

ಅತ್ತೆ ಮಾತ್ರ ತಲೆಯಾಡಿಸಿದಳು. "ಬರೋಬ್ಬರಿ ಐತ್ರಿ. ಮಲ್ಲಿಗಿ ಹೂವು ನಾರತೈತಿ ಅಂತ ಯಾರರ ಅಂತಾರೇನು? ಅದು ಘಮ್ ಅಂತೈತಿ. ಗಟಾರ ನಾರತೈತಿ."

ಅರೋಮ ಪಾಸಾಯಿತು. ಮುಂದಿನದು 'ಸಣ್ಣ'. ಸ್ಮಾಲ್ ಎಂದರೆ ನುಚ್ಚು ಎಂದುಕೊಂಡಾರು, ಕಾಳು ಉದ್ದಕ್ಕೆ ತೆಳ್ಳಗಿದೆ ಎನ್ನಬೇಕು ಎಂದೆ. ಮಾಮಾ ಮೊಬೈಲಿನಲ್ಲಿ ಹುಡುಕಿ ಥಿನ್, ಲೀನ್, ಸ್ಕಿನ್ನಿ, ಸ್ಲಿಮ್ ಎಂದು ಓದುತ್ತಾ ಹೋದ. ಸ್ಕಿನ್ನಿ ಅಂದರೆ ಬಡಕಲು, ಉಪವಾಸ ಬಿದ್ದಂತೆ ಎಂದೆ.

"ಸ್ಲಿಮ್ ಛಲೋ ಐತಲ್ಲ. ನಿನ್ನ ಲಗ್ನದ ಬಯೋಡೇಟಾದಾಗ ಅದನ್ನ ಬರಿಸಿದ್ವಿ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಆಗ ಇತ್ತು ಬಿಡ್ರಿ," ಎಂದು ಬುತ್ತಿ ಬಿಚ್ಚತೊಡಗಿದಳು.

ಅಕ್ಕಿಗೆ ವರ ನೋಡುತ್ತಿಲ್ಲ ಎಂದು ಹೇಳಿ ನಾನು ಸ್ಲೆಂಡರ್ ಎಂದು ಬರೆದೆ. ಇನ್ನು ಉಳಿದದ್ದು 'ಹಳೆ'. ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ, ಅದಕ್ಕೇ ಬೆಲೆ. ಮಾಮಾನ ಮೊಬೈಲು ಓಲ್ಡ್ ಪಕ್ಕದಲ್ಲಿ ಸ್ಟೇಲ್ ಎಂದು ತೋರಿಸಿತು. ಹಳೇದು ಬೇರೆ, ಹಳಸಿದ್ದು ಬೇರೆ, ಸ್ಟೇಲ್ ಅಂದರೆ ಹಳಸಿದ್ದು ಎಂದಾಗ ಅವನು ಮೊದಲ ಸಲ ನನ್ನ ವಿದ್ಯೆಗೆ ಹೆದರಿದ. ಕೂಡಲೇ ಮೊಬೈಲನ್ನು ಬೋರಲು ಹಾಕಿದ. ಬೇಕೆಂದೇ ಇಟ್ಟು ಹಳೆಯದು ಮಾಡಿದ್ದಕ್ಕೆ ಏಜ್ಡ್ ಎನ್ನುತ್ತಾರೆ ಎಂದು ವಿವರಿಸಿ, ಮೂರನ್ನೂ ಚೆಂದಾಗಿ ಬರೆದುಕೊಟ್ಟು ಸಂಜೆ ಬಸ್ಸು ಹಿಡಿದೆ.

ಅದರ ಮರುವಾರ ಮಾಮಾ ಮತ್ತು ಅತ್ತೆ ಯಲಬುರ್ಗಾದ ಕಡೆ ಒಂದು ಗೃಹಪ್ರವೇಶಕ್ಕೆ ಹೋದರು. ದಾರಿಯಲ್ಲಿ ಇಟಗಿಯ ಪುರಾತನ ಕಲ್ಲಿನ ಗುಡಿಗೆ ಇಳಿದಿದ್ದಾರೆ. ಅತ್ತೆ ಒಳಗೆ ಹೋಗಿ ಕೈಮುಗಿದು ಬರುವಷ್ಟರಲ್ಲಿ ಮಾಮಾ ಹೊರಗಿದ್ದ ಪುರಾತತ್ವ ಇಲಾಖೆಯ ಇಂಗ್ಲಿಷ್ ಫಲಕದ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದನಂತೆ. ಅಲ್ಲಿಂದಲೇ ಹಿಟ್ನಾಳದ ಹತ್ತಿರ ಚೀಲ ಮುದ್ರಿಸುವವರಿಗೆ ಫೋನ್ ಮಾಡಿ, ಒಂದು ಪದ ತೆಗೆದು ಇನ್ನೊಂದು ಹಾಕಿರಿ ಎಂದು ಹೇಳಿದ.

ಮುಂದಿನ ಸಲ ನಾನು ಹೋದಾಗ ಗಿರಣಿಯ ತುಂಬ ಹೊಸ ಚೀಲಗಳ ರಾಶಿ. ಅಂಗೈ ಅಗಲದ ಹಸಿರು ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ 'ಏನ್ಶಿಯಂಟ್ ರೈಸ್' ಎಂದಿತ್ತು.

"ಮಾಮಾ, ಇದೇನಿದು?"

"ನಿನ್ನ ಏಜ್ಡ್ ಅಂದ್ರ ಬಸ್ಸಿನ್ಯಾಗ ಮಂದಿ ಎದ್ದು ಸೀಟ್ ಬಿಟ್ಟುಕೊಡ್ತಾರಲ್ಲ, ಅಂಥವರು. ಏನ್ಶಿಯಂಟ್ ಅಂದ್ರ ಇಟಗಿ ಗುಡಿ. ನೋಡಾಕ ಎಲ್ಲೆಲ್ಲಿಂದ ಬರ್ತಾರ ಗೊತ್ತೈತೇನು?"

"ನೋಡಾಕ ಬರ್ತಾರ್ರಿ. ಉಣ್ಣಾಕ ಬರಂಗಿಲ್ಲ."

"ನಿನಗ ಯಾಪಾರ ತಿಳಿಯಂಗಿಲ್ಲವ್ವ," ಎಂದು ಚಹಾ ತರಿಸಿದ.

ನನಗೆ ವ್ಯಾಪಾರ ತಿಳಿಯುವುದಿಲ್ಲ ಎಂಬುದು ಬೇಗನೇ ಸಾಬೀತಾಯಿತು. ಅಕ್ಕಿ ಪುಣೆಯಲ್ಲಿ ಭರದಿಂದ ಹೋಯಿತು. ಅಂಗಡಿಯವರು ಆ ಚೀಲಗಳನ್ನು ನವಣೆ, ಸಾವೆ, ಮರದ ಗಾಣದ ಎಣ್ಣೆಗಳ ಸಾಲಿನಲ್ಲಿ ಇಟ್ಟಿದ್ದರಂತೆ. ಅಜ್ಜ-ಮುತ್ತಜ್ಜಂದಿರ ಕಾಲದ ಧಾನ್ಯ ಎಂದರೆ ಅಲ್ಲಿನವರು ಈಗ ಹುಡುಕಿಕೊಂಡು ಬಂದು ಒಯ್ಯುತ್ತಾರೆ. ಬೇಡಿಕೆ ಮತ್ತೆ ಬಂತು. ಮಾಮಾ ಬೀಗರ ಮುಂದೆ, ಬ್ಯಾಂಕಿನವರ ಮುಂದೆ, ಕೊನೆಗೆ ನನ್ನ ಗಂಡನ ಮುಂದೆಯೂ ಈ ಕಥೆ ಹೇಳಿದ. ನನ್ನ ಗಂಡ ಅಂಥ ಸಂದರ್ಭದಲ್ಲಿ ನಗದೆ ಇರುವಷ್ಟು ಒಳ್ಳೆಯವನಲ್ಲ.

ದಸರೆ ರಜೆಯಲ್ಲಿ ನಾನು ಗಿರಣಿಯಲ್ಲೇ ಇದ್ದಾಗ ಚೀಲದ ಮೇಲಿನ ನಂಬರಿಗೆ ಪುಣೆಯ ಹೆಂಗಸೊಬ್ಬರ ಫೋನ್ ಬಂತು. ಮಾಮಾ ತನ್ನ ಹೈದರಾಬಾದಿ ಹಿಂದಿಯಲ್ಲಿ ಮಾತಾಡುತ್ತಾ, ನಾನೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಆಕೆ ಬಹಳ ಗೌರವದಿಂದ, ಈ ಬೀಜ ಎಷ್ಟು ಹಳೆಯದು, ಯಾವ ರಾಜರ ಕಾಲದಿಂದ ಬೆಳೆಯುತ್ತಿದ್ದೀರಿ ಎಂದು ಕೇಳಿದರು.

ಮಾಮಾ ಫೋನಿಗೆ ಅಂಗೈ ಅಡ್ಡ ಹಿಡಿದು ನಮ್ಮಿಬ್ಬರನ್ನೂ ನೋಡಿದ.

ಅತ್ತೆ ಹೇಳಿದಳು, "ಆನೆಗೊಂದಿ ಅರಸರು ಉಂಡ ಅಕ್ಕಿ ಅಂದುಬಿಡ್ರಿ. ಅಲ್ಲಂತ ಹೇಳಾಕ ಅವರೇನು ಎದ್ದು ಬರ್ತಾರ?"

ನಿಜ ಹೇಳಬೇಕೆಂದರೆ ನನಗೆ ಅವನು ಏನು ಹೇಳುತ್ತಾನೋ ನೋಡುವ ಚಪಲವಿತ್ತು. ಮಾಮಾ ಕೊಚ್ಚಿಕೊಳ್ಳುವುದರಲ್ಲಿ ಎತ್ತಿದ ಕೈ, ಆದರೆ ಅಕ್ಕಿಯ ಗುಣದ ಬಗ್ಗೆ ಸುಳ್ಳಾಡಿದ್ದನ್ನು ನಾನು ಕೇಳಿದ್ದಿಲ್ಲ. ಅವನು ಫೋನಿನ ಮೇಲಿನ ಅಂಗೈ ತೆಗೆದ. ರಾಜರದ್ದೇನೂ ಇಲ್ಲ ಮೇಡಂ, ಹೋದ ವರ್ಷ ಕೊಯ್ದ ಭತ್ತ, ನಮ್ಮ ಗೋದಾಮಿನಲ್ಲೇ ಇಟ್ಟಿದ್ದೆವು ಎಂದ.

ಹೋದ ವರ್ಷದ್ದಕ್ಕೆ ಏನ್ಶಿಯಂಟ್ ಎನ್ನುತ್ತೀರಾ ಎಂದು ಆಕೆ ಕೇಳಿದರು. ಅಕ್ಕಿಗೆ ಅಷ್ಟೇ ಆಯುಷ್ಯ ಮೇಡಂ, ಅದರ ಲೆಕ್ಕದಲ್ಲಿ ಅದು ಏನ್ಶಿಯಂಟೇ ಎಂದ ಮಾಮಾ. ಆಕೆ ಜೋರಾಗಿ ನಕ್ಕರು. ಅನ್ನ ಚೆನ್ನಾಗಿ ಆಗುತ್ತದೆ, ಅದಕ್ಕೆ ತಕರಾರಿಲ್ಲ, ಆದರೆ ಅದಕ್ಕೆ ಏಜ್ಡ್ ಎಂದು ಬರೆಸಿರಿ ಎಂದು ಹೇಳಿ ಫೋನ್ ಇಟ್ಟರು.

ಮಾಮಾ ನನ್ನ ಕಡೆ ತಿರುಗಿದ. "ಆಕೀಗೆ ನೀನ ಹೇಳಿಕೊಟ್ಟೀಯೇನು?"

ಹೊಸ ಚೀಲಗಳ ಮೇಲೆ ಏಜ್ಡ್ ಬಂತು. ಅಂಗಡಿಯವರು ಅಕ್ಕಿಯನ್ನು ಮಾಮೂಲಿ ಅಕ್ಕಿಯ ಸಾಲಿಗೆ ಸರಿಸಿದರು, ಮಾರಾಟ ಕೊಂಚ ತಗ್ಗಿತು, ನಿಲ್ಲಲಿಲ್ಲ. ಉಳಿದ ಹಳೆ ಚೀಲಗಳಲ್ಲಿ ಮಾಮಾ ತೌಡು ತುಂಬಿ ಮಾರಿದ. ಗಂಗಾವತಿ ಸುತ್ತಲಿನ ಎಮ್ಮೆಗಳು ಹಲವು ತಿಂಗಳು ಏನ್ಶಿಯಂಟ್ ತೌಡು ತಿಂದವು. ಯಾವುದೂ ತಕರಾರು ಮಾಡಲಿಲ್ಲ.

ಅಂದಿನಿಂದ ಇಂಗ್ಲಿಷಿನ ಪ್ರತಿ ಪದಕ್ಕೂ ಅವನು ನನಗೆ ಫೋನ್ ಮಾಡುತ್ತಾನೆ. ಈಚೆಗೆ ಮುನಿರಾಬಾದಿನಲ್ಲಿದ್ದ ಅವನ ಗೆಳೆಯರೊಬ್ಬರು ತೀರಿಕೊಂಡರು. ನೀರಾವರಿ ಇಲಾಖೆಯಿಂದ ನಿವೃತ್ತರಾದವರು, ಇಬ್ಬರೂ ಶಾಲೆಯಿಂದ ಜೊತೆ. ನಾನು ಪಾಠದ ನಡುವೆ ಇದ್ದರೂ ಬಿಡದೆ ಫೋನ್ ಮಾಡಿದ. ಶ್ರದ್ಧಾಂಜಲಿ ಬ್ಯಾನರಿಗೆ ಪದ ಬೇಕಾಗಿತ್ತು.

"ಎಕ್ಸ್‌ಪೈರ್ ಅಂತ ಹಾಕೂಣೇನು?"

"ಅದು ಬಿಸ್ಕಿಟ್ ಪಾಕೀಟಿಗೆ ಸರಿ ಮಾಮಾ. ಪಾಸ್ಡ್ ಅವೇ ಅನ್ನಬಹುದು."

"ಪಾಸ್ ಬ್ಯಾಡ. ಅಂವ ಎಸ್ಸೆಸ್ಸೆಲ್ಸಿ ಎರಡ ಸಲ ಫೇಲಾಗಿದ್ದ, ಮಂದಿ ಚ್ಯಾಷ್ಟಿ ಮಾಡ್ತಾರ."

"ಹಂಗಾದ್ರ ಸೀದಾ ಡೆತ್ ಅಂತ ಹಾಕ್ರಿ."

"ಭಾಳ ದೊಡ್ಡ ಮನುಷ್ಯ ಇದ್ದನವ್ವ. ಅವಗ ಡೆತ್ ಸಾಲಂಗಿಲ್ಲ," ಎಂದ.

ಡಿಮೈಸ್ ಎಂದು ಹೇಳಿಕೊಟ್ಟೆ. ಅಕ್ಷರಗಳನ್ನು ಒಂದೊಂದಾಗಿ ಬರೆಸಿಕೊಂಡು, ಇದು ಡೆತ್‌ಗಿಂತ ದೊಡ್ಡದು ಹೌದಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಹೌದು ಮಾಮಾ, ಅದು ದೊಡ್ಡದು ಎಂದೆ.